ಬೇಕಲ ಕೋಟೆಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಮಂಗಳೂರು ಮಾರ್ಗವಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ಕಾಸರಗೋಡಿನಲ್ಲಿ ಇಳಿದುಕೊಳ್ಳಿ. ಅಲ್ಲಿಂದ ಕೋಟೆ ಸುಮಾರು 16 ಕಿ.ಮೀ. ಮಳೆಗಾಲದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ಹೊರಡುವ ಮುಂಚೆ ವಿಚಾರಿಸಿ.

ಕೋಟೆ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕರು, 17ನೇ ಶತಮಾನದಲ್ಲಿ. 1956ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ವಿಸ್ತಾರ ಸುಮಾರು 40 ಎಕರೆ, ನೆರಳು ತೀರಾ ಕಡಿಮೆ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ತಲೆಗೆ ಟೋಪಿ, ತಲಾ ಒಂದು ಲೀಟರ್ ನೀರು ಇರಲಿ.

ಸಮುದ್ರದ ಕಡೆಯ ಬುರುಜಿನ ಗೋಡೆಯಲ್ಲಿ ಶತ್ರುಗಳತ್ತ ಗುಂಡು ಹಾರಿಸಲು ಬಿಟ್ಟ ಕಿಂಡಿಗಳನ್ನು ಅವಸರ ಮಾಡದೆ ನೋಡಿ. ಮೇಲಿನ ಕಿಂಡಿ ದೂರದ ಗುರಿಗೆ, ನಡುವಿನದು ಇನ್ನೂ ಹತ್ತಿರ ಬಂದವರಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಒಂದೊಂದಕ್ಕೂ ಕಣ್ಣಿಟ್ಟರೆ ಓರೆ ಬದಲಾಗುವುದು ತಿಳಿಯುತ್ತದೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ ಇದೆ. ಹಿರಿಯರು ನಿಧಾನವಾಗಿ ಹತ್ತಬಹುದು.

ಮುರಕಲ್ಲು ನೀರು ಹೀರಿ ಪಾಚಿ ಕಟ್ಟುತ್ತದೆ, ನುಣುಪು ಚಪ್ಪಲಿ ಜಾರುತ್ತದೆ. ಹಿಡಿತವಿರುವ ಶೂ ಹಾಕಿ. ಗೋಡೆಯಂಚಿನಲ್ಲಿ ಸೆಲ್ಫಿ ದಯವಿಟ್ಟು ಬೇಡ, ಕೆಳಗೆ ಬರೀ ಬಂಡೆ.

ಸೂರ್ಯಾಸ್ತವನ್ನು ಕೋಟೆಯೊಳಗಿಂದಲೇ ನೋಡುತ್ತೇವೆ ಅಂದುಕೊಳ್ಳಬೇಡಿ, ಸಂಜೆ ಬೇಗ ಬಾಗಿಲು ಹಾಕುತ್ತಾರೆ. 5 ಗಂಟೆಗೆ ಹೊರಬಂದು ಪಕ್ಕದ ಕಡಲತೀರಕ್ಕೆ ಇಳಿಯಿರಿ. ಕಪ್ಪು ಗೋಡೆಯ ಹಿಂದೆ ಕೆಂಪಾಗುವ ಆಕಾಶ ಅಲ್ಲಿಂದಲೇ ಚೆನ್ನ.

15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ವಯಸ್ಸಿನ ಗುರುತಿನ ಚೀಟಿ ಜೊತೆಗಿರಲಿ.