ಫಾರ್ಮ್ಯಾಟ್‌ ಮಾಡುವ ಮುನ್ನ ಕಾಯಿಲೆ ಯಾವುದೆಂದು ನೋಡಿ

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರ್‌ ವಾರಕ್ಕೆರಡು ಸಲ ತಾನಾಗಿಯೇ ಆಫ್‌ ಆಗುತ್ತದೆ, ಇಲ್ಲವೇ ನೀಲಿ ಪರದೆ ತೋರಿಸಿ ರೀಸ್ಟಾರ್ಟ್‌ ಆಗುತ್ತದೆ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಬಹಳಷ್ಟು ಕಡೆ ಮೊದಲು ಕೇಳಿಬರುವ ಮಾತು, ‘ಫಾರ್ಮ್ಯಾಟ್‌ ಮಾಡಿಬಿಡೋಣ ಸಾರ್‌’. ವಿಂಡೋಸ್‌ ಹೊಸದಾಗಿ ಹಾಕಿಸಿ, ಮಕ್ಕಳ ಫೋಟೊ, ಮನೆ ಸಾಲದ ಕಾಗದಪತ್ರ ಎಲ್ಲ ಅಳಿಸಿಹೋಗಿ, ದುಡ್ಡೂ ಕೊಟ್ಟು ಬಂದರೆ ಹತ್ತನೆಯ ದಿನ ಮತ್ತೆ ಅದೇ ಪಾಡು. ದೋಷ ಎಸ್‌ಎಂಪಿಎಸ್‌ನಲ್ಲೋ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬ) ರ‍್ಯಾಮ್‌ನಲ್ಲೋ (ತಾತ್ಕಾಲಿಕ ಮೆಮೊರಿಯ ಕಡ್ಡಿ) ಗೋಡೆಯ ಪ್ಲಗ್ಗಿನಲ್ಲೋ ಇರುವಾಗ ಡಿಸ್ಕನ್ನು ಅಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಈ ವೃತ್ತಿಯಲ್ಲಿರುವವರು ಪರೀಕ್ಷೆಗೆ ಅನುಸರಿಸಬೇಕಾದ ಕ್ರಮ ಗೃಹಸ್ಥರಿಗೂ ತಿಳಿದಿರಲಿ ಎಂದು ಈ ಪತ್ರ.

ಯಂತ್ರ ನಿಲ್ಲುವ ರೀತಿಯೇ ಅರ್ಧ ಕಥೆ ಹೇಳುತ್ತದೆ. ದೀಪ ಆರಿಸಿದಂತೆ ಒಮ್ಮೆಲೇ ಕತ್ತಲಾದರೆ ಅನುಮಾನ ಕರೆಂಟಿನ ಮೇಲೆ ಅಥವಾ ಬಿಸಿಯ ಮೇಲೆ. ನೀಲಿ ಪರದೆಯಲ್ಲಿ ಸಲಕ್ಕೊಂದು ಕೋಡ್‌ ಬರುತ್ತಿದ್ದರೆ ರ‍್ಯಾಮ್‌ ಮೇಲೆ. ಅದೇ ಕೋಡ್‌, ಕೆಳಗೆ ಅದೇ ಫೈಲಿನ ಹೆಸರು ಮರುಕಳಿಸಿದರೆ ಡ್ರೈವರ್‌ (ಯಂತ್ರದ ಭಾಗವನ್ನು ವಿಂಡೋಸ್‌ ಜೊತೆ ಹೊಂದಿಸುವ ತಂತ್ರಾಂಶ) ಮೇಲೆ. ಮೌಸಿನ ಬಾಣ ಓಡಾಡುತ್ತದೆ, ಆದರೆ ಏನು ಒತ್ತಿದರೂ ತೆರೆಯುವುದಿಲ್ಲ, ಡಿಸ್ಕಿನ ಕೆಂಪು ದೀಪ ಆರುವುದೇ ಇಲ್ಲ ಎಂದರೆ ಡಿಸ್ಕ್‌. ಗೇಮ್‌ ಆಡುವಾಗ ಮಾತ್ರ ಬಿದ್ದುಹೋದರೆ ಗ್ರಾಫಿಕ್ಸ್‌ ಕಾರ್ಡ್‌, ಅಥವಾ ಅದಕ್ಕೆ ಶಕ್ತಿ ಸಾಲದ ಎಸ್‌ಎಂಪಿಎಸ್‌. ಇದು ತೀರ್ಪಲ್ಲ, ಮೊದಲು ಯಾವ ಬಾಗಿಲು ತಟ್ಟಬೇಕೆಂಬ ಸುಳಿವು ಅಷ್ಟೇ.

ಪರದೆ ಮಿಂಚಿ ಮಾಯವಾಗುವುದರಿಂದ ಕೋಡ್‌ ಓದಲಾಗುವುದಿಲ್ಲ ಎನ್ನುವವರು ‘ಅಡ್ವಾನ್ಸ್‌ಡ್‌ ಸಿಸ್ಟಮ್‌ ಸೆಟ್ಟಿಂಗ್ಸ್‌’ ತೆರೆದು, ‘ಸ್ಟಾರ್ಟಪ್‌ ಆ್ಯಂಡ್‌ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್‌’ ಮುಂದಿನ ಟಿಕ್‌ ತೆಗೆಯಲಿ. ಆಗ ಪರದೆ ಅಲ್ಲೇ ನಿಲ್ಲುತ್ತದೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬಹುದು. (ವಿಂಡೋಸ್‌ 11ರ ಈಚಿನ ಆವೃತ್ತಿಯಲ್ಲಿ ಆ ಪರದೆ ನೀಲಿ ಹೋಗಿ ಕಪ್ಪಾಗಿದೆ, ಗಾಬರಿ ಬೇಡ.) ಇನ್ನೊಂದು, ಸರ್ಚ್‌ನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಹಾಕಿದರೆ ದಿನವಾರು ಪಟ್ಟಿ ಬರುತ್ತದೆ. ಕೆಂಪು ಗುರುತು ಶುರುವಾದ ದಿನ ಯಾವ ತಂತ್ರಾಂಶ ಅಥವಾ ಡ್ರೈವರ್‌ ಹಾಕಿದ್ದಿರಿ ಎಂಬುದು ಪಕ್ಕದಲ್ಲೇ ಕಾಣುತ್ತದೆ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್‌ ವ್ಯೂವರ್‌ನಲ್ಲಿ ‘ಕರ್ನೆಲ್‌ ಪವರ್‌ 41’ ಎಂದು ಕಂಡೊಡನೆ ಎಸ್‌ಎಂಪಿಎಸ್‌ ಹೋಗಿದೆ ಎನ್ನುವವರಿದ್ದಾರೆ. ಯಂತ್ರ ಕ್ರಮವಾಗಿ ಶಟ್‌ಡೌನ್‌ ಆಗಲಿಲ್ಲ ಎಂಬುದನ್ನು ಬಿಟ್ಟು ಆ 41 ಬೇರೇನೂ ಹೇಳುವುದಿಲ್ಲ. ಅದರ ‘ಡೀಟೇಲ್ಸ್‌’ ತೆರೆದು ‘ಬಗ್‌ಚೆಕ್‌ ಕೋಡ್‌’ (ನೀಲಿ ಪರದೆಯ ಕೋಡ್‌) ನೋಡಬೇಕು. ಸೊನ್ನೆ ಇದ್ದರೆ ಕರೆಂಟು ಕಡಿತ, ಬಿಸಿ ಅಥವಾ ಪೂರ್ತಿ ಹ್ಯಾಂಗ್‌. ಬೇರೆ ಸಂಖ್ಯೆ ಇದ್ದರೆ ಅದು ದಶಮಾನದಲ್ಲಿರುತ್ತದೆ. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್‌, 278 ಎಂದರೆ ಗ್ರಾಫಿಕ್ಸ್‌ ಡ್ರೈವರ್‌ ಉತ್ತರ ಕೊಡಲಿಲ್ಲ, 292 ಎಂದರೆ ಯಂತ್ರಾಂಶವೇ ದೂರು ಕೊಟ್ಟಿದೆ ಎಂದರ್ಥ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಪ್ಲಗ್ಗಿನಿಂದಲೇ ಪರೀಕ್ಷೆ ಶುರುವಾಗಬೇಕು. ಏಪ್ರಿಲ್‌–ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟು ಕಣ್ಣು ಮಿಟುಕಿಸುವುದು ಎಲ್ಲರಿಗೂ ಗೊತ್ತು. ಒಳ್ಳೆಯ ಎಸ್‌ಎಂಪಿಎಸ್‌ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್‌ ಮಾತ್ರ ಕರೆಂಟಿಲ್ಲದೆ ತಡೆದುಕೊಳ್ಳುತ್ತದೆ, ಕಳಪೆಯದು ಅಷ್ಟೂ ಇಲ್ಲ. ಮನೆಯ ಇನ್ವರ್ಟರ್‌ ‘ನಾರ್ಮಲ್‌’ ಅಥವಾ ‘ಇಕೊ’ ಸ್ಥಿತಿಯಲ್ಲಿದ್ದರೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಲೆಕ್ಕಕ್ಕಿಲ್ಲ, ಕಂಪ್ಯೂಟರಿಗೆ ಸಾವು. ಇನ್ವರ್ಟರಿನ ಹಿಂದಿರುವ ಚಿಕ್ಕ ಸ್ವಿಚ್ಚನ್ನು ‘ಯುಪಿಎಸ್‌’ ಕಡೆಗೆ ತಳ್ಳಿದರೆ ಎಷ್ಟೋ ಮನೆಗಳ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಸ್ಕ್ವೇರ್‌ ವೇವ್‌ (ಚೌಕ ಅಲೆಯ ಕರೆಂಟು ಕೊಡುವ) ಇನ್ವರ್ಟರ್‌ ಮೇಲೆ ಮತ್ತೊಂದು ಪುಟ್ಟ ಯುಪಿಎಸ್‌ ಇಟ್ಟವರ ಪಾಡು ಬೇರೆ: ಆ ಅಲೆಯನ್ನು ಯುಪಿಎಸ್‌ ಒಪ್ಪದೆ ಟಕಟಕ ಬದಲಾಗುತ್ತಾ ತನ್ನ ಬ್ಯಾಟರಿಯನ್ನೇ ಬರಿದು ಮಾಡಿಕೊಳ್ಳುತ್ತದೆ.

600 ವಿಎ ಯುಪಿಎಸ್‌ ಎಂದರೆ 600 ವ್ಯಾಟ್‌ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್‌. ಅದಕ್ಕೆ ಲೇಸರ್‌ ಪ್ರಿಂಟರ್‌ ಚುಚ್ಚಿದರೆ ಪುಟ ಬಿಸಿ ಮಾಡುವ ಕ್ಷಣದಲ್ಲಿ ಎಲ್ಲವೂ ಕುಸಿಯುತ್ತದೆ. ಒಳಗಿನ 12 ವೋಲ್ಟ್‌, 7 ಆಂಪಿಯರ್‌ ಅವರ್‌ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಸೋತರೂ ಕರೆಂಟು ಇರುವವರೆಗೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಕೆಲಸವೆಲ್ಲ ಸೇವ್‌ ಮಾಡಿ, ಗೋಡೆಯ ಸ್ವಿಚ್‌ ಆರಿಸಿ ನೋಡಿ. ಐದು ನಿಮಿಷವೂ ತಡೆಯದಿದ್ದರೆ ಬ್ಯಾಟರಿ ಬದಲಿಸುವ ಕಾಲ. ಸಂಪಿನ ಮೋಟರ್‌ ಹಾಕಿದಾಗಲೆಲ್ಲ ರೀಸ್ಟಾರ್ಟ್‌ ಆಗುವ ಕಂಪ್ಯೂಟರಿಗೆ ಮಾತ್ರ ಬೇಕಾದ್ದು ಎಲೆಕ್ಟ್ರಿಷಿಯನ್‌. ಮೋಟರಿಗೂ ಆ ಕೋಣೆಗೂ ಬೇರೆ ಬೇರೆ ಲೈನ್‌ ಎಳೆಸಬೇಕು.

ಇನ್ನು ಅರ್ಥಿಂಗ್‌. ಕ್ಯಾಬಿನೆಟ್‌ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಎಸ್‌ಎಂಪಿಎಸ್‌ ಒಳಗಿನ ಫಿಲ್ಟರ್‌ ಕೆಪಾಸಿಟರ್‌ಗಳು ಅರ್ಥ್‌ ಸಿಗದಾಗ ಲೋಹದ ಹೊದಿಕೆಯನ್ನು ಸುಮಾರು 115 ವೋಲ್ಟ್‌ನಲ್ಲಿ ತೇಲಿಸುತ್ತವೆ, ಜುಮ್ಮೆನಿಸುವುದು ಅದೇ. ಹಳೆಯ ವಠಾರಗಳಲ್ಲಿ, ಬಾಡಿಗೆ ಮಹಡಿಗಳಲ್ಲಿ ಮೂರು ತೂತಿನ ಸಾಕೆಟ್‌ ಇದ್ದರೂ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ ಕೈಲಿ ಮಲ್ಟಿಮೀಟರ್‌ ಹಿಡಿಸಿ ಅಳೆಸಿ: ಫೇಸ್‌–ನ್ಯೂಟ್ರಲ್‌ 230ರ ಆಸುಪಾಸು, ಫೇಸ್‌–ಅರ್ಥ್‌ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌–ಅರ್ಥ್‌ ಎರಡು ಮೂರು ವೋಲ್ಟ್‌ ಒಳಗೆ. ಕೊನೆಯದು ಹತ್ತು ಇಪ್ಪತ್ತಕ್ಕೆ ಏರಿದ್ದರೆ ಅರ್ಥಿಂಗ್‌ ದುರ್ಬಲ, ಇಲ್ಲವೇ ನ್ಯೂಟ್ರಲ್‌ ಸಡಿಲ. ಸಾಕೆಟ್‌ ಒಳಗೇ ಅರ್ಥ್‌ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿ ‘ಸರಿಹೋಯ್ತು’ ಎನ್ನುವವರನ್ನು ಮನೆಯೊಳಗೆ ಬಿಡಬೇಡಿ. ನ್ಯೂಟ್ರಲ್‌ ಕಡಿದ ದಿನ ಕ್ಯಾಬಿನೆಟ್ಟಿಗೆ ಪೂರ್ಣ 230 ವೋಲ್ಟ್‌ ಬರುತ್ತದೆ.

ಎಸ್‌ಎಂಪಿಎಸ್‌ ವಿಷಯದಲ್ಲಿ ಅಂಗಡಿಗಳು ಮಾಡುವ ಪರೀಕ್ಷೆ ಬಹುಪಾಲು ಕಣ್ಕಟ್ಟು. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಕ್ಲಿಪ್‌ನಿಂದ ಸೇರಿಸಿ, ಫ್ಯಾನ್‌ ತಿರುಗಿತು ನೋಡಿ ಎನ್ನುತ್ತಾರೆ. ಹೊರೆ ಇಲ್ಲದೆ ತಿರುಗುವುದು ದೊಡ್ಡದಲ್ಲ. ಯಂತ್ರ ಭಾರಿ ಕೆಲಸದಲ್ಲಿರುವಾಗ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್‌ ನಿಲ್ಲಬೇಕು. ಹೊಸದು ಕೊಳ್ಳುವಾಗ ಮೇಲೆ ಬರೆದ 450, 500 ವ್ಯಾಟ್‌ ನಂಬಬೇಡಿ. ಚೀಟಿಯಲ್ಲಿ 12 ವೋಲ್ಟ್‌ ಸಾಲಿನ ಆಂಪಿಯರ್‌ ಎಷ್ಟಿದೆ ಎಂದು ನೋಡಿ 12ರಿಂದ ಗುಣಿಸಿ. 18 ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ ಸಿಗುವುದು 216 ವ್ಯಾಟ್‌ ಅಷ್ಟೇ. ಎಸ್‌ಎಂಪಿಎಸ್‌ ಡಬ್ಬವನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್‌ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಬಿಸಿಗೆ ಆಸೆಪಟ್ಟು ಒಳಗೆ ಮನೆ ಮಾಡಿದ ಜಿರಲೆ, ಹಲ್ಲಿ ಶಾರ್ಟ್‌ ಮಾಡುವುದೂ ಉಂಟು.

ಬಿಸಿಯ ವಿಚಾರ ಸುಲಭ. ಎಚ್‌ಡಬ್ಲ್ಯುಇನ್‌ಫೊದಂಥ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್‌ ಸುಮ್ಮನಿದ್ದಾಗ 40–50, ದುಡಿಯುವಾಗ 70–85 ಡಿಗ್ರಿ ಇದ್ದರೆ ಚಿಂತೆಯಿಲ್ಲ. 95–100 ಮುಟ್ಟಿದರೆ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಆಮೇಲೂ ಏರಿದರೆ ತಾನೇ ಆಫ್‌ ಆಗುತ್ತದೆ. ಮೆಟ್ರೊ ಕಾಮಗಾರಿ, ಅಗೆದ ರಸ್ತೆಗಳ ಈ ಊರಿನಲ್ಲಿ ಆರು ತಿಂಗಳಿಗೊಮ್ಮೆ ಬ್ಲೋವರ್‌ ಹಿಡಿಯಲೇಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಸುಯ್ಯನೆ ತಿರುಗಿದರೆ ಬೇರಿಂಗ್‌ ಹಾಳಾಗುತ್ತದೆ. ಇಂಟೆಲ್‌ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್‌ ಕಾಲುಗಳಲ್ಲಿ ಒಂದು ಎದ್ದುಬಂದಿದ್ದರೂ ಸಾಕು, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್‌ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಪೇಸ್ಟ್‌ ಬಟಾಣಿ ಕಾಳಿನಷ್ಟು ಸಾಕು; ದೋಸೆಗೆ ಬೆಣ್ಣೆ ಸವರಿದಂತೆ ಬಳಿಯುವುದು ಬೇಡ. ಲ್ಯಾಪ್‌ಟಾಪ್‌ ಆದರೆ ಹಾಸಿಗೆಯ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಬೇಡಿ. ಟಚ್‌ಪ್ಯಾಡ್‌ ಉಬ್ಬಿದ್ದರೆ ಅದು ಬ್ಯಾಟರಿ ಊದಿಕೊಂಡ ಗುರುತು, ಅಂದೇ ಬಳಕೆ ನಿಲ್ಲಿಸಿ.

ರ‍್ಯಾಮ್‌ ಪರೀಕ್ಷೆಗೆ ಬೇಕಾದ್ದು ತಾಳ್ಮೆ. ಮೊದಲು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುನ್ನ ಓಡುವ ಮದರ್‌ಬೋರ್ಡಿನ ತಂತ್ರಾಂಶ) ರ‍್ಯಾಮ್‌ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆಫ್‌ ಮಾಡಿ. ಅಷ್ಟಕ್ಕೇ ಕಂಪ್ಯೂಟರ್‌ ಸ್ಥಿರವಾದರೆ ರ‍್ಯಾಮ್‌ ಸತ್ತಿಲ್ಲ, ಅದನ್ನು ಅದರ ತಾಕತ್ತಿಗೆ ಮೀರಿ ಓಡಿಸುತ್ತಿದ್ದಿರಿ ಎಂದಾಯಿತು. ಆಮೇಲೆ ಮೆಮ್‌ಟೆಸ್ಟ್‌86 ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್‌ ಮಾಡಿ, ರಾತ್ರಿ ಮಲಗುವಾಗ ಶುರು ಮಾಡಿ ನಾಲ್ಕು ಸುತ್ತು ಓಡಲು ಬಿಡಿ. ಬೆಳಗ್ಗೆ ಒಂದೇ ಒಂದು ಎರರ್‌ ಕಂಡರೂ ಅದು ಫೇಲೇ. ‘ಒಂದು ತಾನೆ’ ಎಂಬ ರಿಯಾಯಿತಿ ಇಲ್ಲಿಲ್ಲ. ಎರಡು ಕಡ್ಡಿ ಇದ್ದರೆ ಒಂದನ್ನು ತೆಗೆದು ಒಂದೊಂದಾಗಿ, ಸ್ಲಾಟ್‌ ಬದಲಿಸಿಯೂ ಓಡಿಸಿ. ದೋಷ ಕಡ್ಡಿಯ ಹಿಂದೆ ಹೋದರೆ ಕಡ್ಡಿ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಮದರ್‌ಬೋರ್ಡ್‌ ಅಥವಾ ಪ್ರೊಸೆಸರ್‌ ಸಾಕೆಟ್ಟಿನ ಪಿನ್‌ ನೋಡಬೇಕು. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಜೋಡಿ ಕಡ್ಡಿ ಹಾಕಬೇಕು.

ಬೆಂಗಳೂರಿನ ಕಂಪ್ಯೂಟರ್‌ ಬಿಡಿಭಾಗಗಳ ಪೇಟೆಯಾದ ಎಸ್‌.ಪಿ. ರಸ್ತೆಯ ಹಳೆಯ ಮದ್ದಾದ ‘ರಬ್ಬರ್‌ನಲ್ಲಿ ಉಜ್ಜುವುದು’ ಸುಳ್ಳಲ್ಲ. ರ‍್ಯಾಮ್‌ ಕಡ್ಡಿಯಲ್ಲಿ ತೇವದ ಗಾಳಿಗೆ ಕಪ್ಪಾದ ಸಂಪರ್ಕ ಪಟ್ಟಿಗಳು ಎಷ್ಟೋ ಸಲ ಇದರಿಂದಲೇ ಸರಿಹೋಗುತ್ತವೆ. ಆದರೆ ಅದು ಪೆನ್ಸಿಲ್‌ ಅಳಿಸುವ ಮೆತ್ತನೆಯ ಬಿಳಿ ರಬ್ಬರ್‌ ಆಗಿರಬೇಕು. ಶಾಯಿ ಅಳಿಸುವ ಒರಟು ರಬ್ಬರ್‌ ಚಿನ್ನದ ಲೇಪವನ್ನೇ ಕೆರೆದುಹಾಕುತ್ತದೆ. ಪ್ಲಗ್‌ ಕಿತ್ತು, ಪವರ್‌ ಬಟನ್‌ ಹತ್ತು ಸೆಕೆಂಡ್‌ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿಯೇ ಕಡ್ಡಿ ಹೊರತೆಗೆಯಿರಿ. ಪುಡಿ ಒರೆಸಿ, ಎರಡೂ ತುದಿ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್‌ಫೊ ತಂತ್ರಾಂಶ ಸಾಕು. ಹಾರ್ಡ್‌ ಡಿಸ್ಕಿನ 05, ಸಿ5, ಸಿ6 ಸಾಲುಗಳ (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ಕೊನೆಯ ಅಂಕಣ ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಅದಕ್ಕೂ ಮುನ್ನ ವಿಂಡೋಸ್‌ನ ಡಿಸ್ಕ್‌ ತಪಾಸಣೆಯಾದ ‘ಚೆಕ್‌ಡಿಸ್ಕ್‌’ ಓಡಿಸಿದರೆ ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿ ಕೊಂದಂತೆ. ಸಿ7 (ಮಾಹಿತಿ ಸಾಗುವಾಗಿನ ದೋಷಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ಡಿಸ್ಕ್‌ ಚೆನ್ನಾಗಿದೆ, ಬದಲಿಸಬೇಕಾದ್ದು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌. ನೂರಿನ್ನೂರು ರೂಪಾಯಿಯ ಕೇಬಲ್ಲಿನ ತಪ್ಪಿಗೆ ಹೊಸ ಎಸ್‌ಎಸ್‌ಡಿ ಮಾರಿದರೆ ಏನೆನ್ನಬೇಕು?

ತಂತ್ರಾಂಶದ ದೋಷವಾಗಿದ್ದರೂ ಫಾರ್ಮ್ಯಾಟ್‌ ಮೊದಲ ಮದ್ದಲ್ಲ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್‌ ಯಂತ್ರಗಳು ನೀಲಿ ಪರದೆಗೆ ಬಿದ್ದವು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್‌ ಪಾಸ್‌ ಕೈಯಲ್ಲಿ ಬರೆದು ಕೊಟ್ಟರು. ಅದಕ್ಕೆ ಪರಿಹಾರ? ಸೇಫ್‌ ಮೋಡ್‌ಗೆ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಹೋಗಿ ಒಂದು ಫೈಲ್‌ ಅಳಿಸುವುದು. ಮನೆಯಲ್ಲೂ ಹಾಗೆಯೇ: ಸೇಫ್‌ ಮೋಡ್‌ನಲ್ಲಿ ಯಂತ್ರ ಬೀಳದಿದ್ದರೆ ಈಚೆಗೆ ಹಾಕಿದ ಡ್ರೈವರ್‌, ಎರಡನೆಯ ಆ್ಯಂಟಿವೈರಸ್‌ ತೆಗೆಯಿರಿ. ಆಮೇಲೆ ಅಡ್ಮಿನಿಸ್ಟ್ರೇಟರ್‌ ಆಗಿ ಕಮಾಂಡ್‌ ಪ್ರಾಂಪ್ಟ್‌ ತೆರೆದು ವಿಂಡೋಸ್‌ ಫೈಲುಗಳನ್ನು ಸರಿಪಡಿಸುವ ಎರಡು ಆಜ್ಞೆ ಕೊಡಿ: ಮೊದಲು ಡಿಐಎಸ್‌ಎಂನ ರಿಸ್ಟೋರ್‌ಹೆಲ್ತ್‌, ಅನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಕ್ರಮ ತಿರುಗುಮುರುಗಾಗಬಾರದು, ಎಸ್‌ಎಫ್‌ಸಿ ಸರಿಯಾದ ಫೈಲುಗಳನ್ನು ತರುವ ಉಗ್ರಾಣವನ್ನು ರಿಪೇರಿ ಮಾಡುವುದೇ ಡಿಐಎಸ್‌ಎಂ.

ಫಾರ್ಮ್ಯಾಟಿಗೆ ಎಂದೂ ಬಗ್ಗದ ಒಂದು ಕಾಯಿಲೆಯನ್ನೂ ಹೇಳಬೇಕು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್‌ ಪ್ರೊಸೆಸರ್‌ಗಳಲ್ಲಿ 65 ವ್ಯಾಟ್‌ ಮತ್ತು ಮೇಲಿನ ಹಲವು ಮಾದರಿಗಳು ಅತಿ ವೋಲ್ಟೇಜಿನಿಂದ ಕ್ರಮೇಣ ಸವೆಯುವುದು 2024ರಲ್ಲಿ ಬಯಲಾಯಿತು. ಗೇಮ್‌ ತೆರೆಯುವಾಗ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸುಳ್ಳು ಎರರ್‌ ಇದರ ಒಂದು ಲಕ್ಷಣ. ಮದರ್‌ಬೋರ್ಡ್‌ ತಯಾರಕರ ತಾಣದಿಂದ 0ಎಕ್ಸ್‌12ಬಿ ಅಥವಾ ಅದಕ್ಕಿಂತ ಹೊಸ ಮೈಕ್ರೊಕೋಡ್‌ (ಪ್ರೊಸೆಸರಿನ ಒಳ ತಂತ್ರಾಂಶ) ಇರುವ ಬಯೋಸ್‌ ಹಾಕಬೇಕು. ಆಗಲೇ ಸವೆದ ಪ್ರೊಸೆಸರ್‌ ಇದರಿಂದ ಗುಣವಾಗದು. ಕಂಪನಿ ಎರಡು ವರ್ಷ ಹೆಚ್ಚುವರಿ ವಾರಂಟಿ ಕೊಟ್ಟಿದೆ, ಡಬ್ಬ ಮತ್ತು ಬಿಲ್‌ ಹುಡುಕಿಡಿ. ಬಯೋಸ್‌ಗೆ ಕೈ ಹಾಕುವ ಮುನ್ನ ಮೈಕ್ರೊಸಾಫ್ಟ್‌ ಖಾತೆಯಲ್ಲಿರುವ ಬಿಟ್‌ಲಾಕರ್‌ (ಡಿಸ್ಕಿನ ಗೂಢಲಿಪಿ ಬೀಗ) ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. 48 ಅಂಕಿಗಳ ಆ ಕೀ ಇಲ್ಲದೆ ಡಿಸ್ಕ್‌ ಬೀಗ ಬಿದ್ದರೆ ಯಾವ ಅಂಗಡಿಯವರೂ ತೆರೆದುಕೊಡಲಾರರು.

ರಿಪೇರಿ ಅಂಗಡಿಗಳವರಲ್ಲಿ, ಅವರ ಸಂಘಗಳಲ್ಲಿ ಒಂದು ಬೇಡಿಕೆ. ಜಾಬ್‌ಶೀಟಿನಲ್ಲಿ ‘ಸಿಸ್ಟಮ್‌ ಪ್ರಾಬ್ಲಮ್‌’ ಎಂದು ಗೀಚುವ ಬದಲು ಸ್ಟಾಪ್‌ ಕೋಡ್‌ (ನೀಲಿ ಪರದೆಯ ಕೋಡ್‌), ಮೆಮ್‌ಟೆಸ್ಟ್‌ ಎಷ್ಟು ಸುತ್ತು ಓಡಿಸಿದಿರಿ, ಹೊರೆಯಲ್ಲಿ 12 ವೋಲ್ಟ್‌ ಸಾಲು ಎಷ್ಟಿತ್ತು, ಡಿಸ್ಕಿನ 05 ಮತ್ತು ಸಿ5 ಎಷ್ಟು ಎಂದು ಬರೆಯಿರಿ. ಫಾರ್ಮ್ಯಾಟಿಗೆ ಗ್ರಾಹಕರ ಸಹಿ ಪಡೆಯಿರಿ. ಬದಲಿಸಿದ ಭಾಗದ ಸೀರಿಯಲ್‌ ನಂಬರ್‌ ಜಿಎಸ್‌ಟಿ ಬಿಲ್ಲಿನಲ್ಲಿರಲಿ. ಹಳೆಯ ಭಾಗ ಗ್ರಾಹಕರಿಗೆ ವಾಪಸ್‌ ಹೋಗಲಿ, ಹಾರ್ಡ್‌ ಡಿಸ್ಕ್‌ ಆದರೆ ಖಂಡಿತವಾಗಿ.

– ಕಂಪ್ಯೂಟರ್‌ ದುರಸ್ತಿ ತಂತ್ರಜ್ಞ, ಚಾಮರಾಜಪೇಟೆ, ಬೆಂಗಳೂರು