ಹಕ್ಕಿ ಆರೈಕೆ ಕೇಂದ್ರಕ್ಕೆ ಹೋಗುವ ಮುನ್ನ

ಮಾನ್ಯ ಸಂಪಾದಕರೇ,

ಗಾಯಗೊಂಡ ಕಾಡುಹಕ್ಕಿಗಳ ಆರೈಕೆ ಕೇಂದ್ರಕ್ಕೆ ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ‘ಹಕ್ಕಿ ತೋರಿಸಿ’ ಎಂದು. ಒಳಗೆ ಬಿಡದಿದ್ದರೆ ದಯವಿಟ್ಟು ಬೇಸರಪಡಬೇಡಿ. ಕಾಡುಹಕ್ಕಿಯ ಕಣ್ಣಿಗೆ ಮನುಷ್ಯ ಬೇಟೆಗಾರ. ಗಾಬರಿಯಲ್ಲಿ ರೆಕ್ಕೆ ಬಡಿದರೆ ಕೂಡಿಕೊಳ್ಳುತ್ತಿದ್ದ ಮೂಳೆ ಮತ್ತೆ ಮುರಿಯಬಹುದು. ಮರಿಗಳಿಗಂತೂ ನಮ್ಮ ಸಲುಗೆ ಬೆಳೆದರೆ ಅವನ್ನು ಕಾಡಿಗೆ ಬಿಡುವುದೇ ಕಷ್ಟ.

ಹಕ್ಕಿಯನ್ನು ತರುವಾಗ ತಂತಿ ಪಂಜರ ಬೇಡ, ಗರಿಗಳು ಮುರಿಯುತ್ತವೆ. ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆ, ತಳಕ್ಕೊಂದು ಹಳೆಯ ಹತ್ತಿ ಬಟ್ಟೆ, ಒಳಗೆ ಕತ್ತಲೆ, ಇಷ್ಟು ಸಾಕು. ಕೊಕ್ಕು ಬಿಡಿಸಿ ನೀರು ಹನಿಸಲೇಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯುತ್ತದೆ. ಹಾಲು, ಬ್ರೆಡ್ಡೂ ಬೇಡ. ಬೆಕ್ಕು ಹಿಡಿದಿದ್ದ ಹಕ್ಕಿಯನ್ನು, ಗಾಯ ಕಾಣದಿದ್ದರೂ, ಅದೇ ದಿನ ತಲುಪಿಸಿ. ಸೂಜಿಮೊನೆಯಷ್ಟು ಹಲ್ಲಿನ ಗುರುತಿನಿಂದಲೂ ರಕ್ತಕ್ಕೆ ನಂಜು ಏರುತ್ತದೆ, ಆ್ಯಂಟಿಬಯೋಟಿಕ್ ತಡವಾದರೆ ಉಳಿಯುವುದು ಅಪರೂಪ.

ನೆರವು ಕೊಡುವವರು ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿ. ಹಳೆಯ ಪತ್ರಿಕೆ, ಮುಚ್ಚಳವಿರುವ ಪೆಟ್ಟಿಗೆ, 1 ಗ್ರಾಂ ವ್ಯತ್ಯಾಸ ತೋರಿಸುವ ತೂಕದ ಯಂತ್ರ ಉಪಯೋಗಕ್ಕೆ ಬರುತ್ತವೆ. ನೂಲು ಎದ್ದ ಟವೆಲ್ ಬೇಡ, ಅದರಲ್ಲಿ ಉಗುರು ಸಿಕ್ಕಿ ಕಾಲು ತಿರುಚುತ್ತದೆ. ಔಷಧಿ, ಆಹಾರದ ಖರ್ಚಿಗೆ ಹಣವೇ ಒಳ್ಳೆಯದು. ಎಲ್ಲಕ್ಕಿಂತ ಕೊರತೆ ಇರುವುದು ಕೈಗಳದ್ದು: ಗರಿ ಮೂಡದ ಪುಟ್ಟ ಮರಿಗಳಿಗೆ ಹಗಲಿಡೀ 20–30 ನಿಮಿಷಕ್ಕೊಮ್ಮೆ ತಿನ್ನಿಸಬೇಕು. ವಾರಕ್ಕೆ ಒಂದೇ ಪಾಳಿಯಾದರೂ ಸರಿ, ತಪ್ಪದೆ ಬರುವವರು ಬೇಕು.

– ಹಕ್ಕಿ ಆರೈಕೆ ಕಾರ್ಯಕರ್ತರು