ಸೂಜಿ ನಿಲ್ಲಿಸಿದ ದಿನ

ಸುಮಾ,

ನಿನ್ನ ಪತ್ರ ಬಂದು ಎಂಟು ದಿನ ಆಯ್ತು. ಉತ್ತರ ಬರೀಬೇಕು ಅಂತ ದಿನಾ ಕೂತ್ಕೊಳ್ತೀನಿ, ಎದ್ದುಬಿಡ್ತೀನಿ. ಹೊಸ ಮನೆ, ನಿಮ್ಮಮ್ಮನ ಮಂಡಿನೋವು ಎಲ್ಲಾ ಓದಿದೆ, ಅದಿರ್ಲಿ. ಕೊನೇಲಿ ನಿನ್ನ ಮಗ ಪುಟ್ಟನ ಶೇಂಗಾ ಅಲರ್ಜಿಗೆ ಕೊಡಿಸ್ತಿರೋ ಇಂಜೆಕ್ಷನ್ ಬಗ್ಗೆ ಒಂದು ಸಾಲು ಬರೆದಿದ್ಯಲ್ಲ, 'ಸೂಜಿ ನಿಲ್ಲಿಸಿದ ದಿನ ಏನಾಗುತ್ತೆ ದೊಡ್ಡಪ್ಪ' ಅಂತ, ಅದೊಂದೇ ತಲೇಲಿ ಕೂತಿದೆ. ರಾತ್ರಿ ಎಚ್ಚರ ಆದ್ರೆ ಅದೇ.

32 ವರ್ಷ ಬಯಾಲಜಿ ಪಾಠ ಮಾಡಿದೋನು ನಾನು, ಆದ್ರೂ ಈ ಸೂಜಿ ಔಷಧಿಯ ಒಮಾಲಿಜುಮಾಬ್ ಅನ್ನೋ ಹೆಸರು ನೀನು ಹೇಳೋವರೆಗೂ ಕೇಳಿರ್ಲಿಲ್ಲ. ಆಮೇಲೆ ಓದ್ದೆ. ಆಸ್ತಮಾಗೆ ನಿಮ್ಮ ಅಮೆರಿಕದಲ್ಲಿ 2003ರಿಂದ್ಲೇ ಕೊಡ್ತಿದ್ದಾರಂತೆ, ಫುಡ್ ಅಲರ್ಜಿಗೂ ಕೊಡಬಹುದು ಅಂತ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿಲಿ. ಅಲರ್ಜಿ ಎಬ್ಬಿಸೋ ಐಜಿಇ ಅನ್ನೋ ಆಂಟಿಬಾಡಿ ಹೋಗಿ ಮಾಸ್ಟ್ ಸೆಲ್ ಅನ್ನೋ ಜೀವಕೋಶದ ಮೈಮೇಲೆ ಕೂರೋಕೆ ಮುಂಚೇನೇ ಈ ಔಷಧಿ ಅದನ್ನ ರಕ್ತದಲ್ಲೇ ಹಿಡ್ಕೊಂಡುಬಿಡುತ್ತೆ, ಹಾಗಾಗಿ ಶೇಂಗಾ ಒಳಗೆ ಹೋದ್ರೂ ಆ ಸೆಲ್ ಮೊದಲಿನಷ್ಟು ಸುಲಭಕ್ಕೆ ಒಡೆದು, ಊತ ದದ್ದು ತರೋ ಹಿಸ್ಟಮಿನ್ ಸುರಿಯಲ್ಲ. ಪರೀಕ್ಷೆ ಮಾಡಿದಾಗ ಈ ಸೂಜಿ ತಗೊಂಡ ಮಕ್ಕಳಲ್ಲಿ 100ಕ್ಕೆ 67 ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನ್, ಅಂದ್ರೆ ಎರಡು ಎರಡೂವರೆ ಬೀಜದಷ್ಟು, ತಡ್ಕೊಂಡ್ರಂತೆ. ಔಷಧಿ ಇಲ್ಲದ ಸೂಜಿ ತಗೊಂಡವರಲ್ಲಿ 100ಕ್ಕೆ 7. ಓದಿ ಖುಷಿ ಆಯ್ತು, ಆದ್ರೆ ಒಂದು ಗಳಿಗೆ ಬಿಟ್ಟು ಮಿಕ್ಕ 33 ಮಕ್ಕಳ ಕಡೆ ಮನಸ್ಸು ಹೋಯ್ತು.

ನಿನ್ನ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಲ್ಲ. ಸೂಜಿ ಐಜಿಇನ ಹಿಡಿಯುತ್ತೆ ಅಷ್ಟೇ, ಅದನ್ನ ತಯಾರು ಮಾಡೋ ಸೆಲ್‌ಗಳು ಒಳಗೆ ಹಾಗೇ ಇರ್ತವೆ. ನಿಲ್ಲಿಸಿದ್ರೆ ಮತ್ತೆ ನಿಧಾನಕ್ಕೆ ತುಂಬ್ಕೊಳ್ಳುತ್ತೆ. ನಿನ್ನ ಭಯ ಸುಮ್ಮನೆ ಬಂದಿದ್ದಲ್ಲ ಮಗಳೇ.

ಅದಕ್ಕೇ ಈಗ ವಿಜ್ಞಾನಿಗಳು ಆ ಸೆಲ್‌ಗಳ ಹಿಂದೇನೇ ಬಿದ್ದಿದ್ದಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯವರು 2024ರಲ್ಲಿ ಒಂದು ಜಾತಿ ಮೆಮೊರಿ ಬಿ ಸೆಲ್ ಗುರುತಿಸಿದ್ರು, ಅಲರ್ಜಿ ನೆನಪು ಇಟ್ಕೊಂಡಿರೋದು ಅದೇ ಅಂತ. ವರ್ಷಗಟ್ಟಲೆ ಸುಮ್ಮನಿದ್ದು, ಶೇಂಗಾ ಮತ್ತೆ ಸಿಕ್ಕಿದ ಕೂಡ್ಲೇ ಐಜಿಇ ಮಾಡೋ ಸೆಲ್ ಆಗಿ ಬದಲಾಗುತ್ತಂತೆ. ಇನ್ನು ಕೆಲವು ಐಜಿಇ ಮಾಡೋ ಸೆಲ್‌ಗಳು ಮೂಳೆ ಮಜ್ಜೆಯೊಳಗೆ ಬಹಳ ಕಾಲ ಬೀಡುಬಿಟ್ಟಿರ್ತವೆ, ಅವನ್ನ ತೆಗೆದುಹಾಕಿ ಹೊಸದು ಹುಟ್ಟದ ಹಾಗೆ ಇನ್ನೊಂದು ಔಷಧಿ ಕೊಡೋದನ್ನ ಇಲಿ, ಕೋತಿಗಳಲ್ಲಿ ಮಾಡಿ ತೋರಿಸಿದ್ದಾರೆ, ಆದ್ರೆ ಅದರಲ್ಲಿ ಲಸಿಕೆಯಿಂದ ಬಂದ ಒಳ್ಳೇ ಆಂಟಿಬಾಡಿ ಮಾಡೋ ಸೆಲ್‌ಗಳೂ ಹೋಗ್ತವೆ, ಆರು ವರ್ಷದ ಮಗುಗೆ ಅದು ಅಂತ ನೆನೆಸಿಕೊಂಡ್ರೆ ನನಗೇ ಧೈರ್ಯ ಬರಲ್ಲ. ರಕ್ತದ ಕ್ಯಾನ್ಸರಿಗೆ ಕೊಡೋ ಅಕಾಲಬ್ರುಟಿನಿಬ್ ಮಾತ್ರೆನ ಶೇಂಗಾ ಅಲರ್ಜಿ ಇರೋ 10 ಜನ ದೊಡ್ಡವರಿಗೆ ಎರಡು ದಿನ ಕೊಟ್ಟು ನೋಡಿದ್ರಂತೆ, 7 ಜನ ಒಂದು ಹಿಡಿಯಷ್ಟು ಶೇಂಗಾದ ಪ್ರೋಟೀನ್ ತಿಂದ್ರೂ ಏನೂ ಆಗ್ಲಿಲ್ಲ, ಮಾಸ್ಟ್ ಸೆಲ್ ಒಳಗಿನ ಸಂದೇಶವನ್ನೇ ಅದು ತಡೆಯುತ್ತೆ. ಅದೂ ಮಾತ್ರೆ ಇರೋವರೆಗೆ. ನೋಡು, ಎಲ್ಲಿ ಹೋದ್ರೂ ನಿನ್ನ ಪ್ರಶ್ನೇನೇ ಎದುರಿಗೆ ಬಂದು ನಿಲ್ಲುತ್ತೆ. ಒಂದೇ ಒಂದು ಆಸೆ ಅಂದ್ರೆ ರೆಗ್ಯುಲೇಟರಿ ಟಿ ಸೆಲ್ ಅನ್ನೋವುಗಳದ್ದು, 2025ರ ನೊಬೆಲ್ ಬಂತಲ್ಲ ಜಪಾನಿನ ಸಕಾಗುಚಿ ಮತ್ತೆ ಇನ್ನಿಬ್ಬರಿಗೆ, ದೇಹ ತನ್ನ ಮೇಲೆ ತಾನೇ ತಿರುಗಿ ಬೀಳದ ಹಾಗೆ ಕಾಯೋ ಸೆಲ್‌ಗಳು. 'ಶೇಂಗಾ ನಮ್ಮ ಶತ್ರು ಅಲ್ಲ' ಅಂತ ಅವುಗಳ ಕೈಲಿ ದೇಹಕ್ಕೆ ಕಲಿಸೋಕೆ ಆಗುತ್ತಾ ಅಂತ ಹುಡುಕ್ತಿದ್ದಾರೆ. ಪುಟ್ಟ ದೊಡ್ಡವನಾಗೋ ಹೊತ್ತಿಗೆ ಆಗ್ಲಿ ಅಂತ ದಿನಾ ಬೇಡ್ಕೊಳ್ತೀನಿ.

ನಿದ್ದೆ ಬರದೇ ಇರೋಕೆ ಇನ್ನೊಂದು ಕಾರಣ ಇದೆ, ನಿಮ್ಮ ದೊಡ್ಡಮ್ಮಂಗೂ ಪೂರ್ತಿ ಹೇಳಿಲ್ಲ. 1987, ಆಗಸ್ಟ್ ಹದಿನೈದು. ಬಾವುಟ ಹಾರಿಸಿ ಮಕ್ಕಳಿಗೆ ಶೇಂಗಾ ಉಂಡೆ ಹಂಚಿದ್ವಿ. ನಮ್ಮ ಚಳ್ಳಕೆರೆ ಸೀಮೇಲಿ ಇನ್ನೇನು ಹಂಚ್ತಾರೆ ಹೇಳು, ಎಲ್ಲಿ ನೋಡಿದ್ರೂ ಶೇಂಗಾ ಹೊಲ, ಎಣ್ಣೆ ಮಿಲ್ಲು. ಎಂಟನೇ ಕ್ಲಾಸಿನ ಒಬ್ಬ ಹುಡುಗನ ಬಿಳಿ ಅಂಗಿ ಜೇಬಲ್ಲಿ ಎಣ್ಣೆ ಕಲೆ ಕಾಣಿಸ್ತು, ಕೈ ಹಾಕಿದ್ರೆ ಕಾಗದದಲ್ಲಿ ಸುತ್ತಿಟ್ಟ ಉಂಡೆ. ಯಾಕೋ ತಿಂದಿಲ್ಲ ಅಂದೆ. 'ಗಂಟ್ಲು ಕಟ್ಟುತ್ತೆ ಸಾ' ಅಂದ. ಕೊಟ್ಟಿದ್ದನ್ನ ಬೇಡ ಅಂತೀಯೇನೋ, ಇಷ್ಟು ದಿಮಾಕಾ ಅಂತ ಎಲ್ಲರ ಮುಂದೆ ನಿಲ್ಲಿಸಿ ತಿನ್ನಿಸಿದೆ. ಐದು ನಿಮಿಷ ಆಗಿಲ್ಲ, ತುಟಿ ಊದ್ಕೊಳ್ತು, ಕತ್ತಿನ ತುಂಬಾ ದದ್ದು, ಉಸಿರು ಸಿಳ್ಳೆ ಹೊಡೆದ ಹಾಗೆ. ಮಿಲ್ಲಿನ ಲಾರಿ ಅಡ್ಡ ಹಾಕಿ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಪುಣ್ಯಕ್ಕೆ ಡಾಕ್ಟ್ರು ಇದ್ರು, ಅಡ್ರಿನಲಿನ್ ಕೊಟ್ರು, ಹುಡುಗ ಉಳ್ಕೊಂಡ.

ಮಾರನೇ ದಿನ ಅವರಪ್ಪ ಬಂದು ಕೈಮುಗಿದು ಕೇಳ್ದ, 'ಹುಡುಗ ಹೇಳ್ಲಿಲ್ವಾ ಸಾ?' ಅಂತ. ನಾನು 'ಇಲ್ಲಪ್ಪ, ಹೇಳಿದ್ರೆ ಕೊಡ್ತಿದ್ನಾ' ಅಂದೆ.

ಅವನು ಹೇಳಿದ್ದ ಸುಮಾ. ಎರಡು ಸಲ ಹೇಳಿದ್ದ. ದಸರಾ ರಜೆ ಮುಗಿದ ಮೇಲೆ ಆ ಹುಡುಗ ಶಾಲೆಗೆ ಬರ್ಲಿಲ್ಲ, ನಾನೂ ಹುಡುಕ್ಕೊಂಡು ಹೋಗ್ಲಿಲ್ಲ.

ಹಾಗಾಗಿ ಸೂಜಿ ನಿಲ್ಲಿಸಿದ ದಿನಕ್ಕಿಂತ ಸೂಜಿ ನಡೀತಿರೋ ದಿನಗಳೇ ನನಗೆ ಹೆಚ್ಚು ಭಯ. ನಮ್ಮೋರು ಹೇಗೆ ಅಂತ ನಿಂಗೊತ್ತು, 'ಇಂಜೆಕ್ಷನ್ ಕೊಡ್ಸಿದಾರಂತೆ, ಈಗ ಎಲ್ಲಾ ಸರಿ ಹೋಗಿದೆ, ಒಂಚೂರು ತಿನ್ನೋ' ಅಂತ ಪ್ರೀತಿಯಿಂದ್ಲೇ ಬಾಯಿಗಿಡ್ತಾರೆ. ಎರಡು ಬೀಜದ ಲೆಕ್ಕ ಅಂದ್ರೆ ಅಕಸ್ಮಾತ್ ಆದ ತಪ್ಪಿಗೆ ಕಾವಲು, ತಿನ್ನೋಕೆ ಪರ್ಮಿಶನ್ ಅಲ್ಲ. ವಾಸಿ ಆಯ್ತು ಅಂತ ಯಾರಿಗೂ ಹೇಳ್ಬೇಡಮ್ಮ, ಫೋನಲ್ಲೂ ಹೇಳ್ಬೇಡ. ಅಲರ್ಜಿ ಜೋರಾದ್ರೆ ತಕ್ಷಣ ಚುಚ್ಚೋ ಆ ಅಡ್ರಿನಲಿನ್ ಪೆನ್ನು ಪುಟ್ಟನ ಜೊತೆ ಇರ್ಲಿ, ಸೂಜಿ ಇದೆಯಲ್ಲ ಅಂತ ಮನೇಲಿ ಬಿಟ್ಟು ಹೋಗ್ಬೇಡ. ಇದೆಲ್ಲ ನಿಂಗೆ ಗೊತ್ತಿರೋದೇ, ಹೇಳಿದ್ನೇ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡ. ನಿಲ್ಲಿಸೋ ಮಾತು ಬಂದ್ರೆ ನಿಮ್ಮಷ್ಟಕ್ಕೆ ನೀವೇ ನಿರ್ಧಾರ ಮಾಡ್ಬೇಡಿ, ನಿಲ್ಲಿಸೋಕೆ ಮುಂಚೆ ಏನು ಟೆಸ್ಟು, ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಬರ್ಬೇಕು ಅಂತ ಡಾಕ್ಟ್ರ ಹತ್ರ ಬರೆಸ್ಕೋ. ಇನ್ನೇನು ಹೇಳ್ಲಿ, ನಾನು ಡಾಕ್ಟ್ರಲ್ಲ. ಹಾಂ, ಪುಟ್ಟ ಬೇಡ ಅಂದಾಗ ನಂಬು, ಬರೀ ಹಟಕ್ಕೆ ಅಂತ ಅನ್ನಿಸಿದ್ರೂ ಒಂದ್ಸಲ ನಂಬು.

ಬೇಸಿಗೇಲಿ ಬರೋದಾದ್ರೆ ಒಂದು ತಿಂಗಳು ಮುಂಚೆ ಹೇಳು. ಚಟ್ನಿಪುಡಿ ಡಬ್ಬಿ, ಗಾಣದ ಎಣ್ಣೆ ಕ್ಯಾನು ಎರಡೂ ಈಗಾಗ್ಲೇ ಹೊರಗೆ ಹಾಕಿಸಿದೀನಿ. ಒರಳಲ್ಲಿ ನಲವತ್ತು ವರ್ಷದಿಂದ ಶೇಂಗಾ ಕುಟ್ಟಿದೀವಿ, ಎಷ್ಟು ತೊಳೆದ್ರೂ ಆ ಕಲ್ಲಿನ ಸಂದಿ ನನಗೆ ನಂಬಿಕೆ ಇಲ್ಲ, ಹಿತ್ತಲಿಗೆ ಸಾಗಿಸಿ ಗೋಣಿಚೀಲ ಮುಚ್ಚಿಸ್ತೀನಿ. ಪುಟ್ಟನ ಅಡುಗೆಗೆ ಹೊಸ ಮಿಕ್ಸಿ ಜಾರು ತಗೊಳ್ಳೋಣ ಅಂತ ದೊಡ್ಡಮ್ಮ ಅಂದ್ಲು. ಯಾಕೆ ಇಷ್ಟೆಲ್ಲಾ ಅಂತ ಅವಳು ಕೇಳ್ಲಿಲ್ಲ, ಈ ಪತ್ರ ಕಳಿಸಿದ ಮೇಲೆ ಆ ಹುಡುಗನ ವಿಷ್ಯ ಅವಳಿಗೂ ಹೇಳ್ಬೇಕು.

ಮುಂದಿನ ಸೂಜಿ ಯಾವತ್ತು ಅಂತ ಬರಿ. ನಿಲ್ಲಿಸೋದರ ಬಗ್ಗೆ ಡಾಕ್ಟ್ರು ಏನಂದ್ರು ಅಂತಾನೂ.

ನಿನ್ನ ದೊಡ್ಡಪ್ಪ